ಹೊರೆಯಿಲ್ಲದ ನಡಿಗೆ

ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುವ ನಮ್ಮ ಬಂಧುಗಳು ವರ್ಷಕ್ಕೊಮ್ಮೆ ಊರಿಗೆ ಬಂದಾಗ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತ ಹೇಳುವ ಮಾತೊಂದಿದೆ: “ನಿಮಗೇನ್ರಿ, ಹಳ್ಳ್ಯಾಗ ಅದೀರಿ. ಛಲೋ ಗಾಳಿ, ಛಲೋ ಬೆಳಕು. ನಿಮಗ ಯಾವ ಬ್ಯಾನಿ ಬರ್ತಾವು?” ಮೊದಮೊದಲು ನಾನು ನಕ್ಕು ಸುಮ್ಮನಾಗುತ್ತಿದ್ದೆ. ಈಗ ಸುಮ್ಮನಿರುವುದಿಲ್ಲ. ಒಳಗೆ ಕರೆದುಕೊಂಡು ಹೋಗಿ ಪಡಸಾಲೆಯ ಗೋಡೆಯಲ್ಲಿರುವ ಮಾಡವನ್ನು ತೋರಿಸುತ್ತೇನೆ. ಅತ್ತೆಯವರ ಕಾಲಕ್ಕೆ ಅಲ್ಲಿ ದೀಪ ಇರುತ್ತಿತ್ತು. ಈಗ ಗುಳಿಗೆಯ ಡಬ್ಬಿಗಳಿವೆ. ನನ್ನದು ಬಿ.ಪಿ.ಯದು, ನೆಗೆಣ್ಣಿಯದು ಸಕ್ಕರೆಯದು, ಮೈದುನನದು ಎರಡೂ.

ಛಲೋ ಗಾಳಿ ಎಂಬುದು ಸುಳ್ಳೇನಲ್ಲ. ದೇಶದ ಊರುಗಳ ಗಾಳಿಯನ್ನು ಅಳೆದು ಸರಕಾರ ಹೊರಡಿಸುವ ಪಟ್ಟಿಯಲ್ಲಿ ಗದಗದ ಹೆಸರು ಎಷ್ಟೋ ಸಲ ಒಳ್ಳೆಯ ಸಾಲಿನಲ್ಲಿ ಬಂದಿದೆ. ಅದಕ್ಕೆ ಕಪ್ಪತಗುಡ್ಡವೇ ಕಾರಣವೆಂದು ನಮ್ಮವರು ಎದೆಯುಬ್ಬಿಸುತ್ತಾರೆ. ಉಬ್ಬಿಸಲಿ. ಆದರೆ ಗಾಳಿ ಒಳ್ಳೆಯದಿದ್ದ ಮಾತ್ರಕ್ಕೆ ಮೈಯೂ ಒಳ್ಳೆಯದಾಗಿರುವಂತಿದ್ದರೆ, ಮುಂಜಾನೆ ಗದಗಿಗೆ ಹೋಗುವ ಬಸ್ಸಿನಲ್ಲಿ ಇಷ್ಟು ಜನ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ರಕ್ತಪರೀಕ್ಷೆಯ ಚೀಟಿ ಹಿಡಿದುಕೊಂಡು ದವಾಖಾನೆಗೆ ಹೊರಟಿರುತ್ತಿರಲಿಲ್ಲ.

ನಾನು ಕುರ್ತಕೋಟಿಗೆ ಸೊಸೆಯಾಗಿ ಬಂದವಳು. ಕೀರ್ತಿನಾಥ ಕುರ್ತಕೋಟಿಯವರ ಹೆಸರಿನ ದೆಸೆಯಿಂದ ಕನ್ನಡ ಓದುವವರಿಗೆಲ್ಲ ಗೊತ್ತಿರುವ ಊರು ಇದು. ಊರನ್ನು ನೋಡದವರೂ ಹೆಸರು ಕೇಳಿರುತ್ತಾರೆ. ಸುತ್ತಲೂ ಎರೆಹೊಲ. ಕಣ್ಣು ಹಾಯುವವರೆಗೆ ಕಣ್ಣಿಗೆ ಅಡ್ಡವಾಗುವುದೇನೂ ಇಲ್ಲ. ಹಿಂಗಾರಿಯ ಜೋಳ ತೆನೆ ಹಿರಿಯುವ ಹೊತ್ತಿನಲ್ಲಿ ಊರ ಹೊರಗೆ ನಿಂತರೆ ಆಕಾಶ ನೆಲದವರೆಗೆ ಇಳಿದುಬಂದಂತೆ ಕಾಣುತ್ತದೆ. ಇಂಥ ಬಯಲಿನ ನಡುವೆ ಬಾಳುವ ನಾವು ಬೊಜ್ಜಿನಿಂದ, ಸಕ್ಕರೆಯಿಂದ, ಮೊಣಕಾಲು ನೋವಿನಿಂದ ನರಳುತ್ತಿದ್ದೇವೆ ಎಂದರೆ ಪ್ಯಾಟಿಯವರು ನಂಬುವುದಿಲ್ಲ. ಬೊಜ್ಜೆಂಬುದು ಲಿಫ್ಟಿನಲ್ಲಿ ಏರಿಳಿಯುವವರ ರೋಗವೆಂದು ಅವರ ತಿಳುವಳಿಕೆ.

ಲೆಕ್ಕ ಬೇಕಾದವರಿಗೆ ಲೆಕ್ಕವೂ ಇದೆ. ಕೇಂದ್ರ ಸರಕಾರದ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019-21ರಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 30 ಜನರ ತೂಕ ಇರಬೇಕಾದ್ದಕ್ಕಿಂತ ಹೆಚ್ಚು. ಅದಕ್ಕೂ ಮೊದಲಿನ 2015-16ರ ಸಮೀಕ್ಷೆಯಲ್ಲಿ ಅದು 23ರ ಸುತ್ತ ಇತ್ತು. ಗಂಡಸರೇನೂ ಹಿಂದೆ ಬಿದ್ದಿಲ್ಲ. ಅವರೂ 30ರ ಮೇಲೆಯೇ ಇದ್ದಾರೆ. ಅದೇ ಸಮೀಕ್ಷೆಯ ಇನ್ನೊಂದು ಪುಟದಲ್ಲಿ ಈ ನಾಡಿನ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಜನರಿಗೆ ರಕ್ತ ಕಡಿಮೆ ಎಂದೂ ಬರೆದಿದೆ. ಅಂದರೆ ಮೈ ಬೆಳೆದಿದೆ, ರಕ್ತ ಬೆಳೆದಿಲ್ಲ. ಇದು ಉಂಡುಟ್ಟು ಸುಖವಾಗಿರುವ ನಾಡಿನ ಚಿತ್ರವಲ್ಲ.

ಎರಡು ವರ್ಷದ ಹಿಂದೆ ನನ್ನ ನೆಗೆಣ್ಣಿಯನ್ನು ಗದಗಿನ ಒಬ್ಬ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವಳ ಪಾದದ ಬೆರಳು ಜೋಮು ಹಿಡಿಯಹತ್ತಿದ್ದವು. ಚಪ್ಪಲಿ ಕಾಲಿನಿಂದ ಜಾರಿದ್ದೂ ತಿಳಿಯುತ್ತಿರಲಿಲ್ಲ. ಡಾಕ್ಟರು ಒಳ್ಳೆಯವರು, ಸಾವಕಾಶವಾಗಿ ತಿಳಿಸಿ ಹೇಳಿದರು. ಗುಳಿಗೆ ಬರೆದರು. ಸೊಂಟದ ಸುತ್ತಳತೆ ಹಿಡಿದು, ಹೆಂಗಸರಿಗೆ ಅದು 80 ಸೆಂಟಿಮೀಟರ್ ದಾಟಬಾರದು, ಗಂಡಸರಿಗೆ 90 ದಾಟಬಾರದು ಎಂದರು. ಕೊನೆಗೆ ಹೇಳಿದರು: “ದಿನಾ ಒಂದು ತಾಸು ಬಿರುಸಾಗಿ ನಡೀಬೇಕ್ರಿ. ಹಳ್ಳ್ಯಾಗ ಇರೋರಿಗೆ ಜಾಗಾಕ್ಕೇನು ಬರ ಐತಿ?” ನೆಗೆಣ್ಣಿ “ಹೂಂನ್ರಿ ಸರ” ಎಂದಳು. ಹೊರಗೆ ಬಂದ ಮೇಲೆ ನನಗೆ ಹೇಳಿದಳು: “ಡಾಕ್ಟರ್ ಸಾಹೇಬ್ರಿಗೆ ಗುಳಿಗಿ ಹೆಸರು ಗೊತ್ತದಾವ ಅಕ್ಕಾ, ಊರಿನ ಬಾಯಿ ಗೊತ್ತಿಲ್ಲ.”

ಆಕೆ ನಡೆಯುವುದನ್ನು ಬಿಡಲಿಲ್ಲ. ಆದರೆ ನಡೆದದ್ದು ಎಲ್ಲಿ? ಮನೆಯ ತಾರಸಿಯ ಮೇಲೆ. ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದ. ಸಂಜೆ ದೀಪ ಹಚ್ಚುವ ಮೊದಲು ಮೇಲೆ ಹೋಗಿ ಗಾಣದ ಎತ್ತಿನ ಹಾಗೆ ಸುತ್ತು ಹಾಕುವಳು. ಒಂದು ಮೂಲೆಯಲ್ಲಿ ನೀರಿನ ಟ್ಯಾಂಕು, ಇನ್ನೊಂದು ಮೂಲೆಯಲ್ಲಿ ಒಣಹಾಕಿದ ಮೆಣಸಿನಕಾಯಿ. ಎಂಬತ್ತು ಸುತ್ತಿಗೆ ಅವಳಿಗೆ ತಲೆ ತಿರುಗುತ್ತಿತ್ತು. ಸುತ್ತ ಸಾವಿರಾರು ಎಕರೆ ಬಯಲು ಬಿದ್ದಿದೆ, ಅದರ ನಡುವೆ ಒಂದು ಹೆಣ್ಣು ಸಿಮೆಂಟಿನ ಹಲಗೆಯ ಮೇಲೆ ಸುತ್ತು ಹಾಕುತ್ತಿದ್ದಾಳೆ. ನಿಸರ್ಗ, ಆರೋಗ್ಯ ಎಂದು ಭಾಷಣ ಮಾಡುವವರು ಒಮ್ಮೆ ಆ ತಾರಸಿಯ ಮೇಲೆ ಬಂದು ನೋಡಬೇಕು.

ಹೊರಗೆ ಯಾಕೆ ಹೋಗಲಿಲ್ಲ ಎಂದು ಕೇಳುವವರು ಗಂಡಸರೇ ಇರಬೇಕು. ನಾನು ನಿವೃತ್ತಳಾದ ಹೊಸದರಲ್ಲಿ ಒಂದು ಸಂಜೆ ಕಾಲಲ್ಲಿ ಚಪ್ಪಲಿ ಮೆಟ್ಟಿ, ಕೈಯಲ್ಲಿ ಏನೂ ಹಿಡಿಯದೆ ಹೊಲದ ದಾರಿ ಹಿಡಿದೆ. ಮೂರು ಮನೆ ದಾಟುವುದರೊಳಗೆ ಪ್ರಶ್ನೆ ಬಂತು.

“ಎಲ್ಲಿಗೆ ಹೊಂಟೀರಿ ಅಕ್ಕಾರ?”

“ಎಲ್ಲಿಗೂ ಇಲ್ಲವಾ. ಹಿಂಗ ಅಡ್ಡ್ಯಾಡಿ ಬರ್ತೀನಿ.”

“ಹಿಂಗಂದ್ರ? ಹೊಲಕ್ಕೇನು?”

“ಹೊಲಕ್ಕಲ್ಲ.”

“ಗುಡಿಗೇನು?”

“ಗುಡಿಗೂ ಅಲ್ಲ.”

“ಮತ್ತ?”

ಈ “ಮತ್ತ?” ಎಂಬ ಎರಡಕ್ಷರದ ಮುಂದೆ ಮೂವತ್ತಮೂರು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ನಿರುತ್ತರಳಾದೆ. ಕೇಳಿದವಳಲ್ಲಿ ಕೆಟ್ಟತನವೇನೂ ಇರಲಿಲ್ಲ. ಕೆಲಸವಿಲ್ಲದೆ, ಹೊರೆಯಿಲ್ಲದೆ, ದೇವರ ಹೆಸರಿಲ್ಲದೆ ಹೆಣ್ಣೊಬ್ಬಳು ನಡೆಯಬಹುದು ಎಂಬುದು ಅವಳಿಗೆ ನಿಜವಾಗಿಯೂ ತಿಳಿಯಲೊಲ್ಲದು. ನಮ್ಮ ಮಾತಿನಲ್ಲಿಯೇ ಅದಕ್ಕೆ ಜಾಗವಿಲ್ಲ. ಗಂಡಸು ತಿರುಗಾಡಿ ಬಂದನೆಂದರೆ ನಾಲ್ಕೂರು ಕಂಡವನು, ಲೋಕ ತಿಳಿದವನು. ಹೆಂಗಸನ್ನು “ಊರು ತಿರುಗೋಳು” ಎಂದರೆ ಅದು ಬೈಗುಳ. ಕ್ರಿಯಾಪದ ಒಂದೇ, ಕರ್ತೃ ಬದಲಾದ ಕೂಡಲೇ ಅರ್ಥ ಕೆಸರಾಗುತ್ತದೆ. ವ್ಯಾಕರಣ ಕಲಿಸುವಾಗ ಈ ಉದಾಹರಣೆಯನ್ನು ಯಾವ ಪುಸ್ತಕದಲ್ಲೂ ನಾನು ಕಾಣಲಿಲ್ಲ.

“ಹಿಂದಿನ ಹೆಣ್ಮಕ್ಕಳು ಗಟ್ಟಿ ಇದ್ದರು, ಅವರೇನು ವಾಕಿಂಗ್ ಹೋಗುತ್ತಿದ್ದರೇ?” ಎಂದು ಕೇಳುವವರಿದ್ದಾರೆ. ಹೌದು, ಅವರು ನಡೆಯುತ್ತಿದ್ದರು, ನಮಗಿಂತ ಹತ್ತು ಪಟ್ಟು ನಡೆಯುತ್ತಿದ್ದರು. ಆದರೆ ತಲೆಯ ಮೇಲೆ ಏನಾದರೂ ಇದ್ದಾಗ ಮಾತ್ರ. ಮುಂಜಾನೆ ನೀರಿನ ಕೊಡ, ಮಧ್ಯಾಹ್ನ ಬುತ್ತಿಯ ಬುಟ್ಟಿ, ಸಂಜೆ ಹುಲ್ಲಿನ ಹೊರೆ ಇಲ್ಲವೆ ಕಟ್ಟಿಗೆಯ ಹೊರೆ. ಹೊರೆಯೇ ಅವರ ರಹದಾರಿ. ಹೊರೆ ಹೊತ್ತವಳನ್ನು ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಅವರ ಗಟ್ಟಿತನವನ್ನು ಹೊಗಳುವವರು ಅವರ ಕುತ್ತಿಗೆ, ನಡು, ಜಾರಿದ ಗರ್ಭಕೋಶದ ಮಾತು ಎತ್ತುವುದಿಲ್ಲ. ನಮ್ಮ ಅತ್ತೆಯವರು ನಲವತ್ತಕ್ಕೇ ಬಾಗಿದ್ದರು. ಬರದ ವರ್ಷಗಳಲ್ಲಿ ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಹೆಂಗಸರು ನೀರಿಗಾಗಿ ನಡೆದ ದೂರವನ್ನು ನಾನೇ ಶಾಲೆಯ ಕಿಟಕಿಯಿಂದ ನೋಡಿದ್ದೇನೆ. ಅಷ್ಟು ನಡೆದು ತಂದ ನೀರಿನಲ್ಲಿ ಫ್ಲೋರೈಡ್ ಬೇರೆ. ಅದನ್ನು ವ್ಯಾಯಾಮ ಎನ್ನುವ ಮನುಷ್ಯನಿಗೆ ಎರಡು ಕೊಡ ಹೊರಿಸಿ ಕಳಿಸಬೇಕು.

ಇರಲಿ. ನಳ ಬಂತು, ಅಡಿಗೆಯ ಗ್ಯಾಸು ಬಂತು, ಹಿಟ್ಟಿನ ಗಿರಣಿ, ಮಿಕ್ಸರು ಬಂದವು. ಬಂದದ್ದು ಒಳ್ಳೆಯದಾಯಿತು; ಬೀಸುಕಲ್ಲು ಮರಳಿ ಬರಲಿ ಎನ್ನುವವರ ಸಾಲಿಗೆ ನಾನು ಸೇರಿದವಳಲ್ಲ. ಸ್ವಚ್ಛ ಭಾರತದ ಹೆಸರಿನಲ್ಲಿ 2014ರಿಂದೀಚೆಗೆ ಮನೆ ಮನೆಗೆ ಪಾಯಖಾನೆಗಳೂ ಆದವು. ಇನ್ನೊಂದು ಮಾತು ಹೇಳಿದರೆ ಓದುಗರು ಮುಖ ತಿರುಗಿಸಬಾರದು. ಚರಿಗೆ ಹಿಡಿದು ನಸುಕಿನಲ್ಲಿ, ಕತ್ತಲೆಯಲ್ಲಿ ಬಯಲುಕಡೆ ಹೋಗುವುದು ಹೆಂಗಸರಿಗೆ ನರಕವಾಗಿತ್ತು. ಹೊತ್ತು ಮುಳುಗುವವರೆಗೆ ತಡೆದುಕೊಂಡು ರೋಗ ತಂದುಕೊಂಡವರು ಎಷ್ಟೋ ಜನ. ಆದರೂ ನಾಲ್ಕು ಹೆಂಗಸರು ಕೂಡಿ, ಮನೆಯವರ ಕಿವಿಗೆ ಬೀಳದ ಹಾಗೆ, ಚುಕ್ಕಿಗಳ ಕೆಳಗೆ ಮಾತಾಡುತ್ತ ನಡೆದದ್ದು ಇಪ್ಪತ್ತನಾಲ್ಕು ತಾಸಿನಲ್ಲಿ ಆ ಒಂದೇ ಹೊತ್ತು. ಆ ನರಕ ತಪ್ಪಿತು. ಅದರ ಜೊತೆಗೆ ಆ ಮಾತೂ ಆ ನಡಿಗೆಯೂ ಹೋದವು. ಹೋದದ್ದರ ಜಾಗದಲ್ಲಿ ಹಗಲು ಹೊತ್ತಿನ, ಮಾನದ, ಹೊರೆಯಿಲ್ಲದ ನಡಿಗೆಯೊಂದು ಬರಬೇಕಾಗಿತ್ತು. ಬಂದದ್ದು ಟಿ.ವಿ. ಧಾರಾವಾಹಿ.

ಹೀಗೆ ಒಂದೊಂದೇ ಹೊರೆ ಇಳಿದಾಗ ಒಂದೊಂದೇ ದಾರಿ ಮುಚ್ಚಿತು. ನಮ್ಮ ಹೆಂಗಸರ ಬೊಜ್ಜಿನ ಕಥೆ ಇಷ್ಟೆ. ಇದನ್ನು ಸೋಮಾರಿತನ ಎನ್ನುವವರ ಜೊತೆ ನನ್ನ ಜಗಳ.

ಇನ್ನೊಂದು ಕಡೆಯವರ ಜೊತೆಗೂ ಜಗಳವಿದೆ. ಅವರು ನಿಸರ್ಗದ ಭಕ್ತರು. ಹಸಿರಿನಲ್ಲಿ ದಿನಕ್ಕಿಷ್ಟು ಹೊತ್ತು ಕಳೆದರೆ ರೋಗವೆಲ್ಲ ಓಡಿಹೋಗುತ್ತದೆ ಎನ್ನುವವರು. ನಾನು ಅವರಿಗೆ ಕೇಳುತ್ತೇನೆ: ನಮ್ಮ ಓಣಿಯ ಕೂಲಿ ಹೆಂಗಸು ದಿನಕ್ಕೆ ಎಂಟು ತಾಸು ಹೊಲದಲ್ಲಿಯೇ ಇರುತ್ತಾಳಲ್ಲ, ಕಳೆ ಕೀಳುತ್ತಾಳೆ, ಹತ್ತಿ ಬಿಡಿಸುತ್ತಾಳೆ, ಬಿಸಿಲಿನಲ್ಲಿ ಬೆನ್ನು ಬಗ್ಗಿಸಿ ಜೋಳ ಕೀಳುತ್ತಾಳೆ, ನಿಮ್ಮ ನಿಸರ್ಗ ಅವಳನ್ನು ಯಾಕೆ ಕಾಯಲಿಲ್ಲ? ಅವಳಿಗೆ ಬೊಜ್ಜಿಲ್ಲ, ನಿಜ. ಅವಳಿಗೆ ರಕ್ತವೂ ಇಲ್ಲ. ಔಷಧ ಹೊಡೆದ ಬೆಳೆಯ ನಡುವೆ ನಿಂತು ಅವಳು ಉಸಿರಾಡುತ್ತಾಳೆ. ಒಂದೇ ಹೊಲ, ಒಂದೇ ಗಾಳಿ, ಒಂದೇ ಆಕಾಶ. ಹೊಲದ ಒಡತಿ ಮನೆಯಲ್ಲಿ ಕುಳಿತು ಉಬ್ಬುತ್ತಾಳೆ, ಹೊಲದ ಆಳು ಬಿಸಿಲಿನಲ್ಲಿ ಬತ್ತುತ್ತಾಳೆ. ಇಬ್ಬರಿಗೂ ಇಲ್ಲದ್ದು ಒಂದೇ: ತನ್ನದೆನ್ನುವ ಒಂದು ತಾಸು.

ಇದನ್ನು ನಾನು ನನ್ನ ತಲೆಯಿಂದಷ್ಟೇ ಹೇಳುತ್ತಿಲ್ಲ. ಇಂಗ್ಲೆಂಡಿನಲ್ಲಿ ಸುಮಾರು ಇಪ್ಪತ್ತು ಸಾವಿರ ಜನರನ್ನು ಕೇಳಿ ಮಾಡಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ವಾರಕ್ಕೆ 120 ನಿಮಿಷ ಅಥವಾ ಹೆಚ್ಚು ಹೊತ್ತನ್ನು ಉದ್ಯಾನ, ಕಾಡು, ಹೊಳೆದಂಡೆಗಳಲ್ಲಿ ಕಳೆದವರು ಉಳಿದವರಿಗಿಂತ ತಾವು ಆರೋಗ್ಯವಾಗಿದ್ದೇವೆ, ನೆಮ್ಮದಿಯಾಗಿದ್ದೇವೆ ಎಂದು ಹೆಚ್ಚಾಗಿ ಹೇಳಿದರು. ಒಂದೇ ಸಲಕ್ಕೆ ಹೋದರೂ ಸರಿ, ಬಿಡಿಬಿಡಿಯಾಗಿ ಹೋದರೂ ಸರಿ. ಮೈ ಗಟ್ಟಿ ಇದ್ದವರೇ ಹೊರಗೆ ಹೆಚ್ಚು ಹೋಗಿರಬಹುದಲ್ಲ ಎಂದು ಯಾರಾದರೂ ಕೇಳಿದರೆ ಅದೂ ಸರಿಯಾದ ಪ್ರಶ್ನೆಯೇ. ನನ್ನ ಗಮನ ಸೆಳೆದದ್ದು ಬೇರೆ. ಅಲ್ಲಿ ಲೆಕ್ಕಕ್ಕೆ ಹಿಡಿದದ್ದು ವಿರಾಮದ ಹೊತ್ತನ್ನು. ಹೊಟ್ಟೆಪಾಡಿಗಾಗಿ ಮಣ್ಣಿನಲ್ಲಿ ನಿಂತ ಹೊತ್ತನ್ನಲ್ಲ. ನಿಸರ್ಗದ ಭಕ್ತರು ನೂರಿಪ್ಪತ್ತು ನಿಮಿಷವನ್ನು ಬಾಯಿಪಾಠ ಮಾಡಿದ್ದಾರೆ, ವಿರಾಮ ಎಂಬ ಶಬ್ದವನ್ನು ಮರೆತಿದ್ದಾರೆ.

ನಡಿಗೆಯಿಂದ, ಮೈಯನ್ನು ಆಡಿಸುವುದರಿಂದ ಏನಾಗುತ್ತದೆ ಎಂಬುದು ಹಳೆಯ ಮಾತು. ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳಲ್ಲಿ ಕುಳಿತೇ ಇರುವ ಡ್ರೈವರನಿಗಿಂತ, ದಿನವಿಡೀ ಮೆಟ್ಟಿಲು ಹತ್ತಿ ಇಳಿದು ಟಿಕೇಟು ಕೊಡುವ ಕಂಡಕ್ಟರನಿಗೆ ಹೃದಯಾಘಾತ ಕಡಿಮೆ ಎಂದು ಡಾ. ಜೆರಿ ಮಾರಿಸ್ 1953ರಲ್ಲಿಯೇ ತೋರಿಸಿದ್ದರು. ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ಪಗಾರ. ಮರದ ಮಾತು ಹೇಳುವುದಾದರೆ, ಅಮೆರಿಕೆಯ ರೋಜರ್ ಉಲ್ರಿಚ್ ಎಂಬವರು ಪಿತ್ತಕೋಶದ ಶಸ್ತ್ರಕ್ರಿಯೆ ಮಾಡಿಸಿಕೊಂಡ 46 ರೋಗಿಗಳ ದಾಖಲೆ ತೆಗೆದು ನೋಡಿದರು. ಕಿಟಕಿಯಿಂದ ಗಿಡಮರ ಕಾಣುತ್ತಿದ್ದವರು ಇಟ್ಟಂಗಿಯ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು. ನೋವಿನ ಬಲವಾದ ಔಷಧವನ್ನೂ ಕಡಿಮೆ ಕೇಳಿದ್ದರು. 1984ರ ಮಾತು ಇದು. ನಮ್ಮ ತಾಲೂಕು ಜಿಲ್ಲೆಗಳಲ್ಲಿ ಅದಾದ ಮೇಲೂ ಎಷ್ಟು ದವಾಖಾನೆ ಕಟ್ಟಿದೆವು, ಎಷ್ಟರ ಕಿಟಕಿ ಬೇವಿನ ಮರಕ್ಕೆ ತೆರೆಯುತ್ತದೆ?

ಹಾಗೆಂದು ನಡೆದರೆ ತೂಕ ಸರ್ರನೆ ಇಳಿಯುತ್ತದೆ ಎಂದು ನಾನು ಹೇಳಿದರೆ ಅದು ಸುಳ್ಳಾದೀತು. ಒಂದು ತಾಸು ನಡೆದು ಕರಗಿಸಿದ್ದನ್ನು ಗದಗಿನ ಒಂದು ತಟ್ಟೆ ಮಿರ್ಚಿ ಮಂಡಕ್ಕಿ ಐದು ನಿಮಿಷದಲ್ಲಿ ಮರಳಿ ತುಂಬಿಕೊಡುತ್ತದೆ. (ಮಿರ್ಚಿಯ ಮೇಲೆ ನನಗೆ ದ್ವೇಷವಿಲ್ಲ. ಅದನ್ನು ಬಿಡು ಎಂದ ಡಾಕ್ಟರರನ್ನೇ ಬಿಡುವ ಜಾತಿ ನಮ್ಮದು.) ನಡಿಗೆಯ ಲಾಭ ತಕ್ಕಡಿಯಲ್ಲಿ ಕಾಣುವುದಕ್ಕಿಂತ ಒಳಗೆ ಹೆಚ್ಚು: ಉಂಡ ಮೇಲಿನ ಸಕ್ಕರೆ ಇಳಿಯುತ್ತದೆ, ರಕ್ತದ ಒತ್ತಡ ಇಳಿಯುತ್ತದೆ, ರಾತ್ರಿ ನಿದ್ದೆ ಬರುತ್ತದೆ. ನಮ್ಮಂಥವರಿಗೆ ಇದು ಇನ್ನೂ ಮುಖ್ಯ. ಪುಣೆಯ ಡಾ. ಯಾಜ್ಞಿಕರು ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ನರು 2004ರಲ್ಲಿ ತಮ್ಮಿಬ್ಬರದೇ ಚಿತ್ರ ಅಚ್ಚು ಹಾಕಿಸಿದ್ದರು. ಎತ್ತರಕ್ಕೂ ತೂಕಕ್ಕೂ ಇರುವ ಪ್ರಮಾಣ ಇಬ್ಬರದೂ ಒಂದೇ, 22.3. ಆದರೆ ಮೈಯಲ್ಲಿರುವ ಕೊಬ್ಬು ಅವರದು ನೂರಕ್ಕೆ 9.1, ನಮ್ಮವರದು 21.2. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಆದ್ದರಿಂದ “ನಾನೇನು ದಪ್ಪಿಲ್ಲ” ಎಂದು ಕಟ್ಟೆಯ ಮೇಲೆ ಕುಳಿತ ಸಣಕಲು ಮಾವನವರೂ ಕೇಳಿಸಿಕೊಳ್ಳಬೇಕು. ಅರ್ಧ ಮೈಲಿ ದೂರದ ಹೊಲಕ್ಕೆ ಮೋಟರ್ ಸೈಕಲ್ಲಿನ ಮೇಲೆ ಹೋಗಿ, ಬದುವಿನ ಮೇಲೆ ನಿಂತು ಟ್ರ್ಯಾಕ್ಟರಿನವನಿಗೆ ಕೈ ಮಾಡಿ, ತಿರುಗಿ ಮೋಟರ್ ಸೈಕಲ್ಲಿನ ಮೇಲೆ ಬರುವುದು ಒಕ್ಕಲುತನ ಇರಬಹುದು, ನಡಿಗೆಯಲ್ಲ.

ಮತ್ತೆ ನನ್ನ ಮೂಲ ಜಗಳಕ್ಕೆ ಬರುತ್ತೇನೆ. ನಮ್ಮ ಸಮಾಜ ಹೆಂಗಸಿನ ನಡಿಗೆಗೆ ಪೂರ್ತಿ ವಿರೋಧಿಯೇ? ಅಲ್ಲ. ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ನಡೆದುಹೋಗುವ ಪಾದಯಾತ್ರೆಯಲ್ಲಿ ಹೆಂಗಸರೂ ಇರುತ್ತಾರೆ. ಬಿಸಿಲಿನಲ್ಲಿ, ಬೊಬ್ಬೆ ಎದ್ದ ಕಾಲಿನಲ್ಲಿ ನೂರಾರು ಮೈಲು ನಡೆಯುತ್ತಾರೆ. ದಾರಿಯುದ್ದಕ್ಕೂ ಜನ ಕಾಲು ತೊಳೆದು, ಅಂಬಲಿ ಕೊಟ್ಟು ಕೈಮುಗಿಯುತ್ತಾರೆ. ಅಂದರೆ ಮಲ್ಲಯ್ಯನ ಹೆಸರಿದ್ದರೆ ಹೆಣ್ಣು ನೂರಾರು ಮೈಲು ನಡೆಯಬಹುದು. ತನ್ನ ಹೆಸರಿನಲ್ಲಿ ಮೂರು ಫರ್ಲಾಂಗು ನಡೆಯಬಾರದು. ಅಕ್ಕಮಹಾದೇವಿಯ ಮಾತಂತೂ ಕೇಳಲೇಬೇಡಿ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಒಬ್ಬಳೇ ನಡೆದ ಹೆಣ್ಣು ಆಕೆ. ದವನದ ಹುಣ್ಣಿವೆಗೆ ಆಕೆಯ ತೊಟ್ಟಿಲು ಕಟ್ಟಿ ಹಾಡುತ್ತೇವೆ. ಮರುದಿನ ಮಗಳು ಗೆಳತಿಯ ಜೊತೆ ಹಳ್ಳದ ದಂಡೆಗೆ ಹೋದರೆ ಹೊಸ್ತಿಲಲ್ಲಿ ನಿಂತು ವಿಚಾರಣೆ ನಡೆಸುತ್ತೇವೆ.

2023ರ ಜೂನ್ 11ರಂದು ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಾದಾಗ ಎದ್ದ ನಗೆಚಾಟಿಕೆಗಳನ್ನು ಯಾರೂ ಮರೆತಿರಲಿಕ್ಕಿಲ್ಲ. ಮನೆ ಬಿಟ್ಟು ಊರೂರು ತಿರುಗುತ್ತಾರೆ, ಗಂಡಂದಿರಿಗೆ ರೊಟ್ಟಿ ಮಾಡುವವರಿಲ್ಲ, ಬಸ್ಸಿನಲ್ಲಿ ಗಂಡಸರಿಗೆ ಸೀಟಿಲ್ಲ. ಖರ್ಚಿನ ಬಗ್ಗೆ ವಾದ ಮಾಡುವುದು ಬೇರೆ, ಅದನ್ನು ಮಾಡಲಿ. ಆದರೆ ಆ ನಗೆಯಲ್ಲಿ ಖರ್ಚಿನ ಚಿಂತೆ ಇರಲಿಲ್ಲ. ಅಲ್ಲಿ ಇದ್ದದ್ದು ಅದೇ ಹಳೆಯ “ಮತ್ತ?”.

ನಮ್ಮ ಹಿರಿಯರು ವರ್ಷದಲ್ಲಿ ಕೆಲವು ದಿನಗಳನ್ನಾದರೂ ಹೆಂಗಸರಿಗೆ ಬಿಟ್ಟುಕೊಟ್ಟಿದ್ದರು. ಸೀಗಿ ಹುಣ್ಣಿವೆ, ಎಳ್ಳಮವಾಸೆಗೆ ಮನೆಮಂದಿಯೆಲ್ಲ ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಕಡುಬು ಕಟ್ಟಿಕೊಂಡು ಹೋಗಿ ಬನ್ನಿಗಿಡದ ಕೆಳಗೆ ಉಣ್ಣುವುದು. ಅಂದು ಹೆಂಗಸು ಹೊಲದಲ್ಲಿ ಬಗ್ಗುವುದಿಲ್ಲ, ಬರೀ ಅಡ್ಡಾಡುತ್ತಾಳೆ. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಬೇವಿನ ಮರದ ಟೊಂಗೆಗೆ ಹಗ್ಗ ಬಿಗಿದು ಜೋಕಾಲಿ ಜೀಕುತ್ತಿದ್ದರು. ಮೈಯ ಕೀಲು ಕೀಲು ಸಡಿಲವಾಗುವ ಆಟ ಅದು, ಎದೆ ತುಂಬ ಗಾಳಿ. ಈಗ ಆ ಬೇವಿನ ಮರಗಳು ರಸ್ತೆ ಅಗಲ ಮಾಡುವಾಗ ಹೋದವು. ಮನೆಯೊಳಗಿನ ತೊಲೆಗೆ ಹಗ್ಗ ಕಟ್ಟಿ ಶಾಸ್ತ್ರಕ್ಕೆ ನಾಲ್ಕು ಸಲ ತೂಗಿ ಇಳಿಯುತ್ತಾರೆ. ಚರಗಕ್ಕೆ ಟ್ರ್ಯಾಕ್ಟರಿನ ಟ್ರೇಲಿಯಲ್ಲಿ ಹೋಗಿ, ಫೋಟೋ ತೆಗೆದು, ಉಂಡು, ಕತ್ತಲಾಗುವುದರೊಳಗೆ ಮರಳುತ್ತಾರೆ. ಮುಗಿಯಿತು ನಮ್ಮ ನಿಸರ್ಗ. ಮುನ್ನೂರ ಅರವತ್ತೈದರಲ್ಲಿ ಮೂರು ದಿನ.

ಜಾಗದ ಮಾತಿಗೂ ಬರಬೇಕು, ಯಾಕೆಂದರೆ ಊರಿನ ಬಾಯಿ ಮುಚ್ಚಿಸಿದರೂ ಕಾಲಿಡಲು ನೆಲ ಬೇಕು. ಡಾಕ್ಟರು ಹೇಳಿದ ಬಯಲು ನಕಾಶೆಯಲ್ಲಿದೆ. ಹೊಲವೆಲ್ಲ ಯಾರದೋ. ನಮ್ಮ ಭಾಗದ ಊರೂರಿನಲ್ಲಿ ಗೋಮಾಳ ಒತ್ತುವರಿಯಾಗಿದೆ, ಇಲ್ಲವೆ ಯಾವುದೋ ಕಟ್ಟಡಕ್ಕೆ ಹೋಗಿದೆ. ಕೆರೆಯ ಒಡ್ಡಿನ ಮೇಲೆ ಜಾಲಿಕಂಟಿ. ಹಳ್ಳದ ದಂಡೆಯಲ್ಲಿ ಕಸ, ಕಸದ ಮೇಲೆ ಬಾಟಲಿ, ಬಾಟಲಿಯ ಸುತ್ತ ಸಂಜೆ ಐದಕ್ಕೇ ಕೂಡುವ ಮಂದಿ. ಉಳಿದದ್ದು ಡಾಂಬರು ರಸ್ತೆ. ಅಲ್ಲಿ ಮುಂಜಾನೆ ಗಂಡಸರು ಶೂ ಹಾಕಿಕೊಂಡು ಕೈ ಬೀಸುತ್ತ ನಡೆಯುತ್ತಾರೆ, ಲಾರಿ ಬಂದಾಗ ಜಿಗಿದು ಬದಿಗೆ ಸರಿಯುತ್ತಾರೆ. ಸೀರೆ ಉಟ್ಟವಳು ಹಾಗೆ ಜಿಗಿಯಲಾರಳು. “ನಮ್ಮ ಹೊಲ ನಮ್ಮ ದಾರಿ” ಎಂಬ ಚಂದದ ಹೆಸರಿನ ಯೋಜನೆಯೊಂದನ್ನು ಸರಕಾರ ಮಾಡಿತು. ಹೊಲದ ದಾರಿಗಳು ಅಗಲವಾದವು, ಗರಸು ಬಿತ್ತು, ಟ್ರ್ಯಾಕ್ಟರಿಗೆ ಅನುಕೂಲವಾಯಿತು. ದಾರಿಯ ಬದಿಗೆ ಒಂದು ಬೇವು, ಒಂದು ಹುಣಸೆ, ಮೈಲಿಗೊಂದು ಕುಳಿತುಕೊಳ್ಳುವ ಕಲ್ಲು ಇಡಬೇಕೆಂದು ಯಾರಿಗೂ ತೋಚಲಿಲ್ಲ. “ನಮ್ಮ” ಎಂದರೆ ಯಾರೆಂದು ಅಲ್ಲಿಯೇ ತಿಳಿಯಿತು.

ನಮ್ಮ ಜಿಲ್ಲೆಯ ಜನಕ್ಕೆ ನೆಲ ಉಳಿಸಿಕೊಳ್ಳಲು ಬರುವುದಿಲ್ಲವೆಂದಲ್ಲ. 2011ರಲ್ಲಿ ಹಳ್ಳಿಗುಡಿಯ ಹತ್ತಿರ ಪೋಸ್ಕೋ ಉಕ್ಕಿನ ಕಾರಖಾನೆ ಬರುತ್ತದೆಂದಾಗ ತೋಂಟದ ಸಿದ್ಧಲಿಂಗ ಸ್ವಾಮಿಗಳ ಹಿಂದೆ ಜನ ಎದ್ದು ನಿಂತರು, ಕಾರಖಾನೆ ಬರಲಿಲ್ಲ. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿದ ಕಪ್ಪತಗುಡ್ಡಕ್ಕೆ 2015ರಲ್ಲಿ ಕೊಟ್ಟ ರಕ್ಷಣೆಯನ್ನು ಮರುವರ್ಷ ಹಿಂತೆಗೆದುಕೊಂಡಾಗ ಮತ್ತೆ ಬೀದಿಗಿಳಿದರು. 2017ರಲ್ಲಿ ರಕ್ಷಣೆ ಮರಳಿ ಬಂತು; 2019ರಲ್ಲಿ 244 ಚದರ ಕಿಲೋಮೀಟರ್ ಗುಡ್ಡ ವನ್ಯಜೀವಿಧಾಮವಾಯಿತು. ಅದನ್ನು ನೋಡಲು ಸ್ವಾಮಿಗಳು ಇರಲಿಲ್ಲ, 2018ರಲ್ಲಿಯೇ ಲಿಂಗೈಕ್ಯರಾಗಿದ್ದರು. ಮಾಗಡಿಯ ಕೆರೆಗೆ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಊರವರೇ ಕಾಯ್ದುಕೊಂಡು ಬಂದರು. 2024ರಲ್ಲಿ ಅದಕ್ಕೆ ರಾಮ್ಸಾರ್ ಮನ್ನಣೆ ಸಿಕ್ಕಿತು. ಇವೆಲ್ಲ ನನಗೂ ಅಭಿಮಾನದ ಸಂಗತಿಗಳೇ. ಅಷ್ಟು ದೂರದಿಂದ ಹಾರಿಬಂದ ಹಕ್ಕಿಗೆ ನೀರಿನ ದಂಡೆಯಲ್ಲಿ ನಾಲ್ಕು ತಿಂಗಳು ನಿರಾತಂಕವಾಗಿ ಅಡ್ಡಾಡಲು ಜಾಗ ಕೊಟ್ಟ ಜನ ನಾವು. ಪಕ್ಕದ ಓಣಿಯಿಂದ ನಡೆದುಬರುವ ಹೆಂಗಸಿಗೆ ಯಾಕೆ ಕೊಡಲಾರೆವು?

ನಾನು ಕೊನೆಗೆ ಕೆಲಸ ಮಾಡಿದ ಊರಿನಲ್ಲಿ (ಹೆಸರು ಬೇಡ) ಗ್ರಾಮಸಭೆಯಲ್ಲಿ ಎದ್ದುನಿಂತು ಇದನ್ನೇ ಕೇಳಿದೆ. ಕೆರೆಯ ಒಡ್ಡಿನ ಜಾಲಿಕಂಟಿ ಕಡಿಸಿ, ನಾಲ್ಕು ದೀಪ ಹಾಕಿಸಿ, ಬೇವು ಹಚ್ಚಿರಿ. ಹೆಣ್ಣುಮಕ್ಕಳು ಸಂಜೆ ಒಂದು ತಾಸು ನಡೆಯಲಿ. ಲಕ್ಷಾಂತರ ರೂಪಾಯಿಯ ಮಾತಲ್ಲ. ಒಬ್ಬ ಹಿರಿಯರು ನಗುತ್ತ ಹೇಳಿದರು: “ಮನ್ಯಾಗಿನ ಕೆಲಸ ಸರಿಯಾಗಿ ಮಾಡಿದ್ರ ಹೆಣ್ಮಕ್ಕಳಿಗೆ ವಾಕಿಂಗ್ ಯಾಕ ಬೇಕ್ರಿ ಅಕ್ಕಾರ?” ಸಭೆ ನಕ್ಕಿತು. ಹಿಂದೆ ಕುಳಿತಿದ್ದ ಒಬ್ಬ ಮುದುಕಿ ಸೆರಗು ಸರಿಪಡಿಸಿಕೊಂಡು ಕೇಳಿದಳು: “ಹಂಗಾರ ನೀ ದಿನಾ ಮುಂಜಾನೆ ರಸ್ತೇದಾಗ ಕೈ ಬೀಸ್ಕೋಂತ ಹೋಗೋದು ನಿಮ್ಮ ಮನ್ಯಾಗ ಕೆಲಸಿಲ್ಲಂತೇನೋ ತಮ್ಮಾ?” ಸಭೆ ಮತ್ತೆ ನಕ್ಕಿತು. ಠರಾವು ಬರೆದುಕೊಂಡರು. ಜಾಲಿಕಂಟಿ ಇನ್ನೂ ಹಾಗೆಯೇ ಇದೆ ಎಂದು ಕೇಳಿದ್ದೇನೆ. ಬದಲಿಗೆ ಶಾಲೆಯ ಹಿಂದೆ ಕಬ್ಬಿಣದ ವ್ಯಾಯಾಮದ ಸಾಮಾನು ತಂದು ನೆಟ್ಟರಂತೆ. ಅದರ ಮೇಲೆ ಈಗ ಬಟ್ಟೆ ಒಣಹಾಕುತ್ತಾರೆ.

ಕುರ್ತಕೋಟಿಯಲ್ಲಿ ನಾವು ಕಾಯುತ್ತ ಕೂಡಲಿಲ್ಲ. ನೆಗೆಣ್ಣಿಯನ್ನು ತಾರಸಿಯಿಂದ ಇಳಿಸಿದೆ. ಒಬ್ಬರಾಗಿ ಹೋದರೆ ಪ್ರಶ್ನೆ, ಇಬ್ಬರಾಗಿ ಹೋದರೆ ಗುಸುಗುಸು, ಐವರಾಗಿ ಹೋದರೆ ದಾರಿ ಬಿಡುತ್ತಾರೆ ಎಂಬುದು ನಮ್ಮ ಅನುಭವ. ಈಗ ಐದು ಜನ ಸಂಜೆ ಹೊಲದ ದಾರಿ ಹಿಡಿಯುತ್ತೇವೆ. ನೆಗೆಣ್ಣಿಯ ಸಕ್ಕರೆ ಇಳಿದಿದೆ, ತೂಕ ಹೇಳಿಕೊಳ್ಳುವಷ್ಟು ಇಳಿದಿಲ್ಲ. ಆದರೆ ಅವಳು ರಾತ್ರಿ ನಿದ್ದೆ ಮಾಡುತ್ತಾಳೆ, ಮುಂಜಾನೆ ಹಾಡಿಕೊಳ್ಳುತ್ತ ರೊಟ್ಟಿ ಬಡಿಯುತ್ತಾಳೆ. ಗುಳಿಗೆಯಿಂದ ಹಾಡು ಬಂದದ್ದನ್ನು ನಾನು ಕಂಡಿಲ್ಲ.

ಎಲ್ಲಿಗೆ ಎಂದು ಈಗಲೂ ಕೇಳುತ್ತಾರೆ. ನಮ್ಮಲ್ಲಿ ಒಬ್ಬಳು ಅದಕ್ಕೆ ಉತ್ತರ ಕಂಡುಹಿಡಿದಿದ್ದಾಳೆ: “ಸಕ್ರಿ ಇಳಸಾಕ.” ಆ ಉತ್ತರಕ್ಕೆ ಊರು ಸುಮ್ಮನಾಗುತ್ತದೆ. ಕೊಡ, ಬುತ್ತಿ, ಹುಲ್ಲಿನ ಹೊರೆಗಳ ಜಾಗದಲ್ಲಿ ಈಗ ರೋಗವೊಂದನ್ನು ಹೊತ್ತು ನಡೆದರೆ ನಡೆಯಗೊಡುತ್ತಾರೆ. ನನಗೆ ಈ ಉತ್ತರ ಸೇರುವುದಿಲ್ಲ, ಆದರೆ ಅವಳ ಕಷ್ಟ ನನಗೆ ಗೊತ್ತು, ಸುಮ್ಮನಿದ್ದೇನೆ.

ಮೊನ್ನೆ ನಮ್ಮ ಓಣಿಯ ಒಂಬತ್ತನೆಯ ಇಯತ್ತೆಯ ಹುಡುಗಿ ಬಾಗಿಲಿನಲ್ಲಿ ನಿಂತು “ನಾನೂ ಬರ್ಲಿ ಅಕ್ಕಾರ?” ಎಂದಳು. ಚಪ್ಪಲಿ ಹಾಕಿಕೊಂಡೇ ನಿಂತಿದ್ದಳು. ಒಳಗಿನಿಂದ ಅವಳ ಅಜ್ಜಿ ಕೂಗಿದಳು: “ನಿನಗೇನ ಸಕ್ರಿ ಬ್ಯಾನಿ ಬಂದೈತೇನ?” ಹುಡುಗಿ ಚಪ್ಪಲಿ ಬಿಚ್ಚಿ ಒಳಗೆ ಹೋದಳು. ಅಜ್ಜಿ ನನಗಿಂತ ಹಿರಿಯಳು, ಅಂದು ನಾನು ಎದುರಾಡಲಿಲ್ಲ. ನಾಳೆ ಅವರ ಮನೆಗೆ ಹೋಗುವುದಿದೆ. ನೆಗೆಣ್ಣಿಯೂ ಬರುತ್ತೇನೆಂದಿದ್ದಾಳೆ.